ಉದ್ದಣ್ಣನ ಮೇಜು ಎಂಟು ಇಂಚು ಎತ್ತರವಾದದ್ದು

ಮೂವತ್ತೊಂದು ವರ್ಷ ಕತ್ತರಿ ಹಿಡಿದ ಕೈ ಅದು. ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ, ಬೂದು ಬಣ್ಣದ ಉಣ್ಣೆ ಬಟ್ಟೆಯನ್ನು ಕತ್ತರಿಸುತ್ತಿದ್ದಾಗ, ಹೇಳದೆ ಕೇಳದೆ ಕತ್ತರಿಯನ್ನು ಬಿಟ್ಟುಬಿಟ್ಟಿತು. ಹೆಬ್ಬೆರಳು ಕೈಯಲ್ಲಿ ಇದೆಯೋ ಇಲ್ಲವೋ ಅನ್ನುವುದೇ ಉದ್ದಣ್ಣನಿಗೆ ಗೊತ್ತಾಗಲಿಲ್ಲ. ಕತ್ತರಿಯ ಮೊನೆ ಸೀಮೆಸುಣ್ಣದ ಗೆರೆ ದಾಟಿ, ಕೋಟಿನ ಎದೆಯ ಭಾಗದೊಳಕ್ಕೆ ನಾಲ್ಕು ಬೆರಳಷ್ಟು ಸೀಳಿಕೊಂಡು ಹೋಗಿ, ಮೇಜಿನ ಅಂಚಿಗೆ ಬಡಿದು, ಧಡಾರನೆ ನೆಲಕ್ಕೆ ಬಿತ್ತು.

"ಅಯ್ಯೋ ದೇವರೇ, ಬಟ್ಟೆ ಹೋಯ್ತಲ್ರೀ!" ಮೇಜಿನ ಆಚೆ ತುದಿಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದ ಹೆಂಡತಿ ಕೂಗಿದಳು.

"ಬಟ್ಟೆ ಹಾಳಾಗಿ ಹೋಗ್ಲಿ ಬಿಡು, ಬೇರೆ ತರಬಹುದು. ಇದನ್ನ ಎಲ್ಲಿಂದ ತರ್ಲಿ?" ಎಂದು ಅವನು ಬಲಗೈಯನ್ನು ಅವಳ ಮುಂದೆ ಚಾಚಿದ.

ಅವನಿಗೆ ಹೆದರಿಕೆಯಾಗಿತ್ತು, ಆಗಬೇಕಾದ್ದೇ. ಹೊಲಿಯುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಕೋಟಿಗೆ ಕತ್ತರಿ ಹಾಕುವವರು ಸಿಗುವುದಿಲ್ಲ. ಆ ಕೈ ಕೂತುಹೋದರೆ ಅಂಗಡಿಯ ಬಾಗಿಲು ಹಾಕಿಕೊಂಡು ಮನೆಗೆ ಹೋಗುವುದೊಂದೇ ದಾರಿ. ಐವತ್ತೆರಡರ ವಯಸ್ಸಿನಲ್ಲಿ ಬೇರೆ ಯಾವ ಕಸುಬು ಕಲಿಯುವುದು? ಅವನಿಗೆ ಸರಿಯಾಗಿ ಒಂದು ಮೊಳೆ ಹೊಡೆಯಲೂ ಬರುತ್ತಿರಲಿಲ್ಲ.

ಉದ್ದಣ್ಣ ಅನ್ನುವುದು ಊರಿಟ್ಟ ಹೆಸರು. ಆಳು ಆರಡಿ ಒಂದಿಂಚು. ಅಂಗಡಿಯೊಳಗೆ ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ತಲೆ ತಗ್ಗಿಸದಿದ್ದರೆ ಬಾಗಿಲ ಚೌಕಟ್ಟು ಹಣೆಗೆ ಸರಿಯಾಗಿ ಬಡಿಯುತ್ತಿತ್ತು. ಹೆಂಡತಿ ಅವನ ಎದೆಯ ಜೇಬಿನವರೆಗೆ ಬರುತ್ತಿದ್ದಳು. ಇಬ್ಬರೂ ಜೊತೆಯಲ್ಲಿ ನಡೆದರೆ ಗಡಿಯಾರದ ಎರಡು ಮುಳ್ಳು ಹೊರಟ ಹಾಗಿರುತ್ತದೆ ಎಂದು ಪಕ್ಕದ ಅಂಗಡಿಯ ಕ್ಷೌರಿಕ ಸಿಕ್ಕ ಸಿಕ್ಕವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಹತ್ತಡಿಗೆ ಹನ್ನೆರಡಡಿಯ ಒಂದೇ ಕೋಣೆ. ಗೋಡೆಗೆ ಒತ್ತಿಕೊಂಡು ಎರಡು ಹೊಲಿಗೆ ಮಿಶನ್ನು, ಅಡ್ಡಕ್ಕೆ ಒಂದು ಕನ್ನಡಿ, ನಡುವೆ ಕೋಣೆಯನ್ನೇ ನುಂಗಿಕೊಂಡು ಕೂತ ಕಟಿಂಗ್ ಮೇಜು. ಆ ಮೇಜನ್ನು ಮಾಡಿಸಿದ್ದು ಉದ್ದಣ್ಣನಿಗೆ ಕೆಲಸ ಕಲಿಸಿದ ಗುರುಗಳು. ಗುರುಗಳು ಕುಳ್ಳಗಿದ್ದರು. ತಮ್ಮ ಆಳಿಗೆ ತಕ್ಕ ಹಾಗೆ ಮೂವತ್ತೆರಡು ಇಂಚಿಗೆ ಮಾಡಿಸಿದ್ದರು. ಅದು ಉದ್ದಣ್ಣನ ತೊಡೆಗೆ ಬರುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಗುರುಗಳು ಅವನ ಕುತ್ತಿಗೆಯ ಹಿಂದೆ ಒಂದು ಬಿಟ್ಟು, "ಆಕಾಶ ನೋಡ್ತೀಯೇನೋ? ತಲೆ ಬಗ್ಸು, ಬಟ್ಟೆ ನೋಡು" ಎಂದಿದ್ದರು. ಬಗ್ಗಿಸಿದ. ಗುರುಗಳು ತೀರಿಕೊಂಡು ಅಂಗಡಿ ಇವನ ಕೈಗೆ ಬಂದ ಮೇಲೂ, ದಿನಕ್ಕೆ ಎಂಟು ತಾಸು, ಸೊಂಟ ಮುರಿದು, ಬಲಭುಜ ಇಳಿಬಿಟ್ಟು, ಗಲ್ಲ ಮುಂದಕ್ಕೆ ಚಾಚಿಕೊಂಡು ಬಗ್ಗಿಯೇ ಇದ್ದ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಈ ಕಸುಬಿನಲ್ಲಿ ಮೇಜು ಕಟಿಂಗ್ ಮಾಸ್ಟ್ರದು. ಉಳಿದವರು ಅಲ್ಲಿ ಎಷ್ಟು ಹೊತ್ತು ನಿಂತರೂ ನೆಂಟರು ಬಂದ ಹಾಗೆ, ಲೆಕ್ಕಕ್ಕಿಲ್ಲ. ಕೋಟಿನ ಕೆಲಸದಲ್ಲಿ ಅರ್ಧಕ್ಕೆ ಅರ್ಧ ಇಸ್ತ್ರಿ. ಒಂದೊಂದು ಹೊಲಿಗೆ ಬಿದ್ದ ಹಾಗೂ ಬಿಸಿ ಒತ್ತಬೇಕು, ಕಾಲರಿಗೆ ಆಕಾರ ಕೊಡಬೇಕು, ತೋಳನ್ನು ತಿದ್ದಬೇಕು. ಉದ್ದಣ್ಣನ ಹೆಂಡತಿ ಅದೇ ಮೇಜಿನ ಆಚೆ ತುದಿಯಲ್ಲಿ ಆ ತೂಕದ ಪೆಟ್ಟಿಗೆ ಹಿಡಿದು ದಿನಕ್ಕೆ ಐದು ತಾಸು ನಿಲ್ಲುತ್ತಿದ್ದಳು, ಇಪ್ಪತ್ತಾರು ವರ್ಷದಿಂದ. ಆದರೂ ಮೇಜು ಉದ್ದಣ್ಣನದು.

ನೋವೇನು ಆ ಮಂಗಳವಾರ ಹುಟ್ಟಿದ್ದಲ್ಲ. ಎಂಟು ಹತ್ತು ವರ್ಷದಿಂದ ಕುತ್ತಿಗೆಯಲ್ಲಿ ಮನೆ ಮಾಡಿಕೊಂಡು, ಬೆನ್ನಿಗಿಳಿದು, ತೋಳಿಗೆ ಹಬ್ಬಿ, ಈಗ ಬೆರಳಿಗೆ ಬಂದು ನಿಂತಿತ್ತು. ಅದಕ್ಕೆ ಉದ್ದಣ್ಣ ದೂರದ ವಸ್ತುವೇ ಇಲ್ಲ. ಮೊದಲು ದಿಂಬನ್ನು ದೂರಿದ. ಹತ್ತಿಯದು ಬೇಡವೆಂದು ಸ್ಪಂಜಿನದು ತಂದ, ಅದೂ ಬೇಡವೆಂದು ಟವೆಲು ಸುತ್ತಿಕೊಂಡ, ಕೊನೆಗೆ ಬರಿಯ ಹಲಗೆಯ ಮೇಲೆ ಮಲಗಿ ಬೆಳಿಗ್ಗೆ ಏಳಲಾರದೆ ಹೆಂಡತಿಯನ್ನು ಕೂಗಿದ. ಆಮೇಲೆ ಫ್ಯಾನಿನ ಗಾಳಿಯನ್ನು ದೂರಿದ, ತಣ್ಣೀರನ್ನು ದೂರಿದ. ಎಣ್ಣೆ ತಿಕ್ಕಿಸಿಕೊಂಡ, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡ, ಬಣ್ಣ ಬಣ್ಣದ ಮಾತ್ರೆ ನುಂಗಿದ. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ವಯಸ್ಸಾಯ್ತಲ್ಲಪ್ಪಾ" ಎಂದರು. ಉದ್ದಣ್ಣನಿಗೆ ಮೈಯೆಲ್ಲ ಉರಿದುಹೋಯಿತು. "ನಮ್ಮ ಗುರುಗಳು ಎಪ್ಪತ್ತೆಂಟಕ್ಕೂ ಕತ್ತರಿ ಹಿಡೀತಿದ್ರು ಸ್ವಾಮೀ, ಅವರಿಗಾಗದ ವಯಸ್ಸು ನನಗೆ ಹೆಂಗಾಯ್ತು?" ಎಂದು ಜಗಳವಾಡಿಕೊಂಡು ಬಂದ. ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಹುಡುಕುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಕತ್ತರಿ ಬಿದ್ದ ಮೂರನೆಯ ದಿನ ಹೆಂಡತಿ ಹಟ ಹಿಡಿದು ಅವನನ್ನು ಫಿಸಿಯೋಥೆರಪಿಯವಳ ಬಳಿಗೆ ಕಳಿಸಿದಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳ ಕೋಣೆ. ಮೂವತ್ತರ ಆಸುಪಾಸಿನ ಹೆಣ್ಣು, ತೋಳು ಮಡಚಿದ ಬಿಳಿ ಕೋಟು. ಕೋಟಿನ ಹೆಗಲು ಅರ್ಧ ಇಂಚು ದೊಡ್ಡದಾಗಿದೆ ಅನ್ನುವುದು ಉದ್ದಣ್ಣನ ಕಣ್ಣಿಗೆ ಮೊದಲು ಬಿತ್ತು.

"ಅಂಗಿ ತೆಗೀರಿ ಮಾಸ್ಟ್ರೇ."

ತೆಗೆದ. ಅವಳು ಅವನ ಬೆನ್ನಿನ ಹಿಂದೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಕುರ್ಚಿಯ ಮೇಲಿದ್ದ ಅಂಗಿಯನ್ನು ಎತ್ತಿ, ಎರಡೂ ಹೆಗಲನ್ನು ಬೆರಳಲ್ಲಿ ಹಿಸುಕಿ ನೋಡಿದಳು.

"ಈ ಅಂಗಿ ಹೊಲಿದಿದ್ದು ಯಾರು?"

"ಇನ್ಯಾರು? ನಾನೇ."

"ಬಲಗಡೆ ಹೆಗಲಿಗೆ ಮಾತ್ರ ಮೆತ್ತೆ ಇಟ್ಟಿದ್ದೀರಲ್ಲ. ಇಲ್ಲಿ ನೋಡಿ, ಮೂರು ಪದರ ಇದೆ. ಎಡಗಡೆ ಏನೂ ಇಲ್ಲ."

ಉದ್ದಣ್ಣ ಅಂಗಿಯನ್ನು ಕೈಗೆ ತೆಗೆದುಕೊಂಡು ತಾನೇ ಹಿಸುಕಿ ನೋಡಿದ. ಈ ಲೋಕದಲ್ಲಿ ನೆಟ್ಟಗಿರುವ ಮೈ ಅಂತ ಒಂದೂ ಇಲ್ಲ ಅನ್ನುವುದು ಅವನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಫೈಲು ಹೊರುವ ಗುಮಾಸ್ತನ ಎಡಭುಜ ಕೆಳಗೆ, ಬಸ್ಸಿನ ಡ್ರೈವರನ ಬೆನ್ನು ಗುಂಡಗೆ, ಮಗು ಎತ್ತಿಕೊಂಡ ತಾಯಿಯ ಸೊಂಟ ಒಂದು ಕಡೆಗೆ. ಟೇಪು ಕಂಡ ಕೂಡಲೇ ಎಲ್ಲರೂ ಸಿಪಾಯಿಗಳ ಹಾಗೆ ಸೆಟೆದು ನಿಲ್ಲುತ್ತಾರೆ. ಆಗ ಉದ್ದಣ್ಣ ಮಾತಿಗೆ ಎಳೆಯುತ್ತಿದ್ದ, ಮನೆ ಕಡೆ ಎಲ್ಲ ಹೇಗಿದ್ದಾರೆ ಎಂದು ಕೇಳುತ್ತಿದ್ದ. ಅವರು ಮೈ ಮರೆತು ಮಾತಾಡುವಾಗ ಮೈ ತನ್ನ ಸೊಟ್ಟಕ್ಕೆ ಮರಳುತ್ತಿತ್ತು, ಆ ಗಳಿಗೆಯಲ್ಲಿ ಅಳತೆ ಹಿಡಿಯುತ್ತಿದ್ದ. ಆಮೇಲೆ ಇಳಿದ ಹೆಗಲಿಗೆ ಎಷ್ಟು ಬೇಕೋ ಅಷ್ಟು ಮೆತ್ತೆ ಕೊಟ್ಟು, ಕೋಟು ತೊಟ್ಟವನು ಕನ್ನಡಿಯ ಮುಂದೆ ರಾಜನ ಹಾಗೆ ಕಾಣುವಂತೆ ಮಾಡುತ್ತಿದ್ದ. ಊರಿಗೆ ಮಾಡಿದ್ದನ್ನೇ ತನಗೂ ಮಾಡಿಕೊಂಡಿದ್ದ. ವರ್ಷಕ್ಕೆ ಎರಡು ಅಂಗಿ ಹೊಲಿದುಕೊಳ್ಳುವಾಗ ಬಲಗಡೆ ಸ್ವಲ್ಪ ಜೋಲಿದ ಹಾಗೆ ಕಂಡರೆ ಒಂದು ಚೂರು ಬಟ್ಟೆ ಸೇರಿಸುವುದು, ಮುಂದಿನ ವರ್ಷ ಇನ್ನೊಂದು ಚೂರು. ಕೈ ತಾನಾಗಿ ಮಾಡಿದ ಕೆಲಸ. ತನ್ನ ಮೈ ವಾಲಿದ್ದನ್ನು ತಾನೇ ಮುಚ್ಚಿಕೊಂಡು ಬಂದು, ಈಗ ಅಂಗಿ ಬಿಚ್ಚಿ ನಿಂತು ಪೆಚ್ಚಾದ.

"ಕೆಲಸ ಮಾಡುವಾಗ ಹೇಗೆ ನಿಲ್ತೀರಿ, ತೋರ್ಸಿ" ಎಂದಳು ಅವಳು. ತೋರಿಸಿದ. ಅವಳು ನಗಲಿಲ್ಲ. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆ, ಅದಕ್ಕೇ ಹೆಬ್ಬೆರಳು ಮರಗಟ್ಟುತ್ತಿದೆ ಎಂದು ಬಿಡಿಸಿ ಹೇಳಿದಳು. "ವ್ಯಾಯಾಮ ಹೇಳಿಕೊಡ್ತೀನಿ, ಮಾಡಿ. ಆದ್ರೆ ನೀವು ದಿನಾ ಎಂಟು ಗಂಟೆ ಹೀಗೆ ಬಗ್ಗೋದಾದ್ರೆ ನನ್ನ ವ್ಯಾಯಾಮ ನೀರಲ್ಲಿ ಹೋಮ. ಮೇಜು ಎತ್ತರ ಮಾಡ್ಸಿ. ನಿಮ್ಮ ಆಳಿಗೆ ನಲವತ್ತು ಇಂಚಾದ್ರೂ ಬೇಕು." ಕಾಗದದಲ್ಲಿ ಬರೆಯುತ್ತ ತಲೆಯೆತ್ತದೆ ಕೇಳಿದಳು: "ಆ ಮೇಜಿನ ಹತ್ರ ಇನ್ಯಾರಾದ್ರೂ ಕೆಲಸ ಮಾಡ್ತಾರಾ?"

"ಇಲ್ಲ ಡಾಕ್ಟ್ರಮ್ಮ. ನಾನೊಬ್ನೇ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಕಸುಬಿನ ಯಾವ ಮಾಸ್ಟ್ರನ್ನು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು.

ಮರುದಿನವೇ ಬಡಗಿ ಬಂದು ಮೇಜಿನ ಕಾಲುಗಳಿಗೆ ಎಂಟೆಂಟು ಇಂಚಿನ ಮರದ ತುಂಡು ಜೋಡಿಸಿ, ಬೋಲ್ಟು ಬಿಗಿದು ಹೋದ. ಹೆಂಡತಿ ನೂಲಿನ ಉಂಡೆ ತರಲು ಹೋದವಳು ವಾಪಸು ಬಂದು ಮೇಜಿನ ಮುಂದೆ ನಿಂತು ನೋಡಿದಳು. "ಏನ್ರೀ ಇದು, ನನ್ನ ಎದೆಗೆ ಬಂತಲ್ಲ!" ಎಂದು ನಕ್ಕಳು.

"ನಾಲ್ಕು ದಿನ ಕಣೇ. ಅಭ್ಯಾಸ ಆಗುತ್ತೆ."

"ಆಗುತ್ತೆ ಬಿಡಿ. ನಿಮ್ಮ ಕೈ ಸರಿಹೋದ್ರೆ ಸಾಕು."

ಎರಡು ದಿನ ಅವಳು ಒಂದು ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಇಸ್ತ್ರಿ ಮಾಡಿ ನೋಡಿದಳು. ಮೇಜಿಗೂ ಮಿಶನ್ನಿಗೂ ನಡುವೆ ಒಂದೂವರೆ ಅಡಿ ಜಾಗ. ಅವಳು ಹಿಂದಕ್ಕೆ ಹೆಜ್ಜೆ ಇಟ್ಟು, ಬಿಸಿ ಪೆಟ್ಟಿಗೆಯ ಸಮೇತ ಜಾರಿ, ಮಿಶನ್ನಿಗೆ ಮೊಣಕೈ ಬಡಿಸಿಕೊಂಡಳು. ಮಧ್ಯಾಹ್ನ ಉದ್ದಣ್ಣ ಅದೇ ಮರದ ಪೆಟ್ಟಿಗೆಯನ್ನು ಎಡವಿ, ಕೈಯಲ್ಲಿದ್ದ ಬಟ್ಟೆಯ ರಾಶಿಯೊಂದಿಗೆ ಮುಗ್ಗರಿಸಿದ. "ಇದೇನು ಅಂಗಡೀನೋ ಗುಜರೀನೋ?" ಎಂದು ರೇಗಿ ಪೆಟ್ಟಿಗೆಯನ್ನು ಬೀದಿಗೆ ತಳ್ಳಿದ. ಕ್ಷೌರಿಕ ಅದನ್ನು ಎತ್ತಿಕೊಂಡು ಹೋಗಿ ತನ್ನ ಅಂಗಡಿಯಲ್ಲಿ ಚಪ್ಪಲಿ ಇಡಲು ಇಟ್ಟುಕೊಂಡ. ಹೆಂಡತಿ ನೆಲದ ಮೇಲೆ ನಿಂತು, ಹೆಗಲನ್ನು ಕಿವಿಯ ತನಕ ಎತ್ತಿ, ಇಸ್ತ್ರಿ ಪೆಟ್ಟಿಗೆ ಒತ್ತತೊಡಗಿದಳು.

ಮೊದಲ ತಿಂಗಳು ಉದ್ದಣ್ಣನಿಗೆ ನೋವು ಹೆಚ್ಚಾದ ಹಾಗೇ ಅನ್ನಿಸಿತು. ಬಗ್ಗಿ ಬಗ್ಗಿ ರೂಢಿಯಾದ ಬೆನ್ನು ನೆಟ್ಟಗೆ ನಿಲ್ಲಲು ಒಪ್ಪಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ಕಾಲು ಸೋತುಹೋಗುತ್ತಿತ್ತು. ಎರಡನೆಯ ತಿಂಗಳು ಕುತ್ತಿಗೆ ಹಗುರಾಯಿತು. ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಸೂಜಿ ಚುಚ್ಚಿಕೊಂಡು, "ಅಮ್ಮಾ!" ಎಂದು ಕಿರುಚಿ, ಮರುಕ್ಷಣವೇ ಕುಣಿದಾಡಿಬಿಟ್ಟ. "ನೋವಾಯ್ತು ಕಣೇ! ಹೆಬ್ಬೆರಳಿಗೆ ನೋವಾಯ್ತು!" ಹೆಂಡತಿ ಓಡಿ ಬಂದು, ಆ ರಕ್ತದ ಹನಿಯನ್ನು ಕಂಡು ಕಣ್ಣು ಒರೆಸಿಕೊಂಡಳು. ಅವಳಿಗೆ ನಿಜವಾಗಿ ಖುಷಿಯಾಗಿತ್ತು. ಅದರಲ್ಲಿ ಏನೂ ನಟನೆ ಇರಲಿಲ್ಲ.

ಅಲ್ಲಿಂದ ಮುಂದೆ ಉದ್ದಣ್ಣನ ಕಾಟ ತಡೆಯಲಾರದಾಯಿತು. ಬಂದ ಗಿರಾಕಿಗೆಲ್ಲ ಉಪದೇಶ. ಗುಮಾಸ್ತನಿಗೆ ಫೈಲನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ಹೇಳಿದ. ಮೊಬೈಲು ನೋಡುತ್ತ ಕೂತವರ ಗಲ್ಲವನ್ನು ಎರಡು ಬೆರಳಲ್ಲಿ ಎತ್ತಿದ. ಕ್ಷೌರಿಕನ ಕುರ್ಚಿಯಲ್ಲಿ ಕೂತು, "ನೀನು ಒಂಟಿಕಾಲಲ್ಲಿ ಭಾರ ಹಾಕ್ತೀಯ, ಮಂಡಿ ಹೋಗುತ್ತೆ ನೋಡ್ತಿರು" ಎಂದ. "ಕ್ಷೌರಕ್ಕೆ ಬಂದ್ಯೋ ಪಾಠ ಮಾಡೋಕೆ ಬಂದ್ಯೋ ಉದ್ದಣ್ಣ? ಕತ್ತಿ ನನ್ನ ಕೈಯಲ್ಲಿದೆ, ನೆನಪಿರ್ಲಿ" ಎಂದ ಕ್ಷೌರಿಕ. ಮಿಶನ್ನಿನ ಮುಂದೆ ಕೂತ ಹೆಂಡತಿಗೂ ಬಿಡದೆ, "ನೆಟ್ಟಗೆ ಕೂತ್ಕೊಳ್ಳೇ" ಅನ್ನುತ್ತಿದ್ದ. ಅವಳು "ಹ್ಞೂಂ" ಅಂದು ಕೂರುತ್ತಿದ್ದಳು.

ಆ ನಡುವೆ ಅವಳು ಸೊಂಟದವರೆಗಿದ್ದ ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಳು. ಉದ್ದಣ್ಣ ಹೌಹಾರಿ, ಆಮೇಲೆ ಕಣ್ಣು ಮಿಟುಕಿಸಿದ. "ಏನಮ್ಮಾ, ವಯಸ್ಸು ಹಿಂದಕ್ಕೆ ಓಡ್ತಾ ಇದೆ?"

"ತಲೆ ಭಾರ ಆಗಿತ್ತು ಕಣ್ರೀ" ಎಂದಳು.

ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಡಬ್ಬಗಳು ಒಂದೊಂದಾಗಿ ನೆಲಕ್ಕಿಳಿದವು. ಬಟ್ಟೆ ಒಣಹಾಕುವ ಹಗ್ಗ ಒಂದು ಮೊಳ ಕೆಳಗೆ ಬಂತು. ಬಲಮಗ್ಗುಲಲ್ಲಿ ಮಲಗುತ್ತಿದ್ದವಳು ಎಡಮಗ್ಗುಲಿಗೆ ತಿರುಗಿದಳು. ಉದ್ದಣ್ಣ ಎಲ್ಲವನ್ನೂ ಕಂಡ. ಬೀದಿಯಲ್ಲಿ ಹೋಗುವ ಅಪರಿಚಿತನ ಹೆಗಲು ನೋಡಿ ಅವನ ಕಸುಬು ಹೇಳುತ್ತಿದ್ದ ಮಹಾನುಭಾವ, ತನ್ನ ಮನೆಯ ಡಬ್ಬ ಯಾಕೆ ಕೆಳಗಿಳಿಯಿತು ಎಂದು ಕೇಳಲಿಲ್ಲ. ಹಗ್ಗಕ್ಕೆ ತಲೆ ತಾಗಿದಾಗ ಬೈದುಕೊಂಡು ಬಗ್ಗಿ ಹೋದ, ಅಷ್ಟೇ.

ಹೀಗೆ ಹತ್ತು ತಿಂಗಳು ಕಳೆದು ಚಳಿ ಶುರುವಾಯಿತು. ಕೈಗೆ ಬಲ ಬಂದ ಖುಷಿಯಲ್ಲಿ ಉದ್ದಣ್ಣ ಹೆಂಡತಿಗೊಂದು ಕೋಟು ಹೊಲಿಯುವುದೆಂದು ತೀರ್ಮಾನಿಸಿದ. ಊರಿಗೆಲ್ಲ ಕೋಟು ಹೊಲಿದವರ ಮನೆಯಲ್ಲಿ ಅವಳಿಗೊಂದು ಕೋಟು ಇರಲಿಲ್ಲ. ಕಡುನೀಲಿ ಬಣ್ಣದ ಒಳ್ಳೆಯ ಉಣ್ಣೆ ತಂದು, ಅಂಗಡಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಟೇಪು ಹಿಡಿದು ಕರೆದ.

"ನನ್ನ ಅಳತೆ ನಿಮಗೆ ಗೊತ್ತಿಲ್ವಾ?" ಎಂದು ಅವಳು ಹಿಂದೆ ಸರಿದಳು. "ಹಳೇ ಕಾಗದ ಇದೆಯಲ್ಲ, ಅದರಲ್ಲೇ ಕತ್ತರ್ಸಿ."

"ಹಳೇ ಕಾಗದ ಇಪ್ಪತ್ತು ವರ್ಷದ್ದು. ಬಾ ಇಲ್ಲಿ, ನಾಚ್ಕೋಬೇಡ."

ಅವಳು ಬಂದು ನಿಂತಳು. ಎದೆಯ ಸುತ್ತಳತೆ ಹಿಡಿದ, ಬೆನ್ನಿನ ಉದ್ದ ಹಿಡಿದ. ಹೆಗಲಿಗೆ ಟೇಪು ಇಟ್ಟಾಗ ಬಲಭುಜ ಎಡದಕ್ಕಿಂತ ಒಂದೂಕಾಲು ಇಂಚು ಮೇಲೆ ನಿಂತಿತ್ತು. ಟೇಪು ಜಾರಿರಬೇಕೆಂದು ಮತ್ತೆ ಇಟ್ಟ. ಅಷ್ಟೇ ಬಂತು. ಇಳಿದ ಹೆಗಲನ್ನು ಅವನು ಸಾವಿರ ಕಂಡಿದ್ದ. ಹೀಗೆ ಕಿವಿಯ ಕಡೆಗೆ ಹತ್ತಿ, ಅಲ್ಲೇ ಕಚ್ಚಿಕೊಂಡು ಕೂತ ಹೆಗಲನ್ನು ಕಂಡಿರಲಿಲ್ಲ.

"ಕೈ ಎತ್ತು, ಕಂಕುಳ ಅಳತೆ ಬೇಕು."

ಅವಳು ಸುಮ್ಮನೆ ನಿಂತಳು. "ಎತ್ತೇ" ಎಂದ. ಅವಳು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು, ಪಕ್ಕದವರ ಕೈ ಎತ್ತಿದ ಹಾಗೆ ಎತ್ತಿದಳು. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತು.

ಟೇಪು ಉದ್ದಣ್ಣನ ಕೈಯಲ್ಲೇ ಉಳಿಯಿತು. "ಎಷ್ಟು ದಿನ ಆಯ್ತು?"

"ಆಯ್ತು, ಸುಮಾರು ದಿನ."

"ಸುಮಾರು ಅಂದ್ರೆ?"

"ಮೇಜು ಎತ್ತರ ಮಾಡಿದ್ರಲ್ಲ, ಅದಾಗಿ ಎರಡು ತಿಂಗಳಿಗೆ ಶುರುವಾಯ್ತು. ಮೊದಮೊದಲು ಸಂಜೆ ಮಾತ್ರ ಇರ್ತಿತ್ತು."

"ಬಾಯಿಗೇನು ಬೀಗ ಹಾಕಿತ್ತಾ ನಿನ್ಗೆ? ಒಂದು ಮಾತು ಹೇಳೋಕೇನಾಗಿತ್ತು?" ಉದ್ದಣ್ಣ ಕಿರುಚಿದ. ಸಿಟ್ಟು ಅವಳ ಮೇಲಲ್ಲ ಅನ್ನುವುದು ಅವನಿಗೂ ಗೊತ್ತಿತ್ತು, ಆದರೆ ಬೇರೆ ಯಾರೂ ಎದುರಿಗಿರಲಿಲ್ಲ.

"ಹೇಳಿದ್ರೆ ಮೇಜು ಇಳಿಸ್ತಿದ್ರಿ."

"ಇಳಿಸ್ತಿದ್ದೆ! ಇಳಿಸ್ದೆ ಇರ್ತಿದ್ನಾ?"

"ಅದಕ್ಕೇ ಹೇಳ್ಲಿಲ್ಲ" ಎಂದಳು ಅವಳು, ದನಿ ಎತ್ತರಿಸದೆ. "ನಿಮ್ಮ ಕೈ ಹೋದ್ರೆ ಅಂಗಡಿ ಹೋಗುತ್ತೆ. ನನ್ನ ಹೆಗಲು ಹೋದ್ರೆ ಕೂದಲು ತಾನೇ ಹೋಗೋದು?"

ಆಗ ಅವನಿಗೆ ಕೂದಲ ವಿಷಯ ಹೊಳೆಯಿತು. ದಡದಡನೆ ಪಕ್ಕದ ಅಂಗಡಿಗೆ ನುಗ್ಗಿ, ಯಾರದೋ ಗಲ್ಲಕ್ಕೆ ಸೋಪು ಹಚ್ಚುತ್ತಿದ್ದ ಕ್ಷೌರಿಕನ ತೋಳು ಹಿಡಿದೆಳೆದ. "ಅವಳು ಕೂದಲು ಯಾಕೆ ಕತ್ತರಿಸ್ಕೊಂಡಳು? ನಿನ್ಗೆ ಗೊತ್ತಿತ್ತಾ?"

ಕ್ಷೌರಿಕ ಬ್ರಷ್ಷು ಕೆಳಗಿಟ್ಟ. "ಗೊತ್ತಿತ್ತು. ಕೈ ಎತ್ತಿ ಬಾಚ್ಕೊಳ್ಳೋಕೆ ಆಗಲ್ಲ ತಮ್ಮಾ, ತೆಗೆದುಬಿಡು ಅಂದ್ರು ಅಕ್ಕ. ಹೇಳ್ಬೇಡ ಅಂತಾನೂ ಅಂದ್ರು."

"ನೀನು ಹೇಳ್ಬಾರದಿತ್ತಾ?"

"ನಿನಗೆ ಗೊತ್ತಿಲ್ಲ ಅಂತ ನನಗೇನು ಕನಸು ಬಿದ್ದಿತ್ತಾ ಉದ್ದಣ್ಣ? ಒಂದೇ ಮನೇಲಿ ಇರ್ತೀರಿ, ಒಂದೇ ಮೇಜಿಗೆ ನಿಲ್ತೀರಿ."

ಉದ್ದಣ್ಣ ಹಿಂದಿರುಗಿದ. ಯಾವತ್ತೂ ತಗ್ಗಿಸುವ ತಲೆಯನ್ನು ಆ ಹೊತ್ತು ತಗ್ಗಿಸಲು ಮರೆತು, ಚೌಕಟ್ಟಿಗೆ ಹಣೆ ಚಚ್ಚಿಕೊಂಡ.

ಮರುದಿನ ಬೆಳಿಗ್ಗೆ ಇಬ್ಬರೂ ನೆಲಮಾಳಿಗೆಯ ಕೋಣೆಯಲ್ಲಿದ್ದರು. ಫಿಸಿಯೋಥೆರಪಿಯವಳು ಹೆಂಡತಿಯ ಕೈಯನ್ನು ಮೆಲ್ಲನೆ ಮುಂದಕ್ಕೆ, ಪಕ್ಕಕ್ಕೆ, ಬೆನ್ನ ಹಿಂದಕ್ಕೆ ತಿರುಗಿಸಿ ನೋಡಿದಳು. ಕೈ ಒಂದು ಮಟ್ಟಕ್ಕೆ ಹೋಗಿ ತುಕ್ಕು ಹಿಡಿದ ಕೀಲಿನ ಹಾಗೆ ನಿಂತುಬಿಡುತ್ತಿತ್ತು. "ಅಷ್ಟೇ" ಅನ್ನುತ್ತಿದ್ದಳು ಹೆಂಡತಿ, ಪ್ರತಿ ಸಲವೂ, ತಪ್ಪು ಮಾಡಿದವಳ ಹಾಗೆ.

"ಹೆಗಲು ಪೂರ್ತಿ ಬಿಗಿದುಕೊಂಡಿದೆ. ಮೊದಲೇ ಬಂದಿದ್ರೆ ಬೇಗ ಬಿಡ್ತಿತ್ತು. ಈಗ ಒಂದು ವರ್ಷ ಹಿಡಿಯುತ್ತೆ. ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ ಅಮ್ಮಾ. ಎಷ್ಟು ಬರುತ್ತೋ ಅಷ್ಟು. ಏನು ಕೆಲಸ ಮಾಡ್ತೀರಿ?"

"ಇಸ್ತ್ರಿ. ಹೊಲಿಗೆ."

"ಇಸ್ತ್ರಿ ಎಲ್ಲಿ ನಿಂತು ಮಾಡ್ತೀರಿ?"

ಹೆಂಡತಿ ಗಂಡನ ಮುಖ ನೋಡಿದಳು. ಉದ್ದಣ್ಣ ನೆಲ ನೋಡಿದ. "ಅದೇ ಮೇಜಿನಲ್ಲಿ ಡಾಕ್ಟ್ರಮ್ಮ" ಎಂದ.

ಫಿಸಿಯೋಥೆರಪಿಯವಳು ಉದ್ದಣ್ಣನ ಹಳೆಯ ಕಾಗದ ಹುಡುಕಿ ತೆಗೆದು ಓದಿದಳು. "ನೀವೊಬ್ರೇ ಅಂತ ಬರೆದಿದ್ದೀನಲ್ಲ ಮಾಸ್ಟ್ರೇ."

"ನಾನೇ ಹಾಗಂದೆ." ಮೇಜು ಮಾಸ್ಟ್ರದು ಅನ್ನುವ ಕಸುಬಿನ ಕಟ್ಟಳೆಯನ್ನು ಆ ಹುಡುಗಿಗೆ ಯಾವ ಬಾಯಲ್ಲಿ ಬಿಡಿಸಿ ಹೇಳುವುದು?

ಅವಳು ಎದ್ದು, ಗೋಡೆಗೆ ತೂಗುಹಾಕಿದ್ದ ಟೇಪು ತಂದು, ಹೆಂಡತಿಯ ಮೊಣಕೈಯಿಂದ ನೆಲದವರೆಗೆ ಅಳೆದಳು. "ಹಳೇ ಮೇಜು ಎಷ್ಟಿತ್ತು?"

"ಮೂವತ್ತೆರಡು."

"ಇವರಿಗೆ ಅದೇ ಸರಿಯಾಗಿತ್ತು."

ಮನೆಗೆ ಬರುವ ದಾರಿಯಲ್ಲೆಲ್ಲ ಉದ್ದಣ್ಣ, ಮೇಜು ಇಳಿಸುತ್ತೇನೆ ಎಂದ. ಇಳಿಸಿದರೆ ನಾನು ಅಂಗಡಿಗೆ ಕಾಲಿಡುವುದಿಲ್ಲ ಎಂದಳು ಹೆಂಡತಿ. ಎರಡನೆಯ ಮೇಜು ಹಾಕಲು ಅಂಗೈಯಗಲ ಜಾಗವಿಲ್ಲ. ಇದ್ದ ಮೇಜನ್ನು ಕೊಯ್ದು ಎರಡು ಮಾಡಿದರೆ ಕೋಟಿನ ಬಟ್ಟೆ ಹಾಸಲು ಬರುವುದಿಲ್ಲ. ಕೊನೆಗೆ ಉದ್ದಣ್ಣ ಒಂದು ತೀರ್ಮಾನಕ್ಕೆ ಬಂದ. ಇಸ್ತ್ರಿ ಇನ್ನು ಮೇಲೆ ತನ್ನದು. ಅವಳು ಕೂತು, ಕೈ ಕೆಳಗಿಟ್ಟುಕೊಂಡು, ಆಗುವಷ್ಟು ಹೊಲಿಯಲಿ.

ಹೇಳಿದಷ್ಟು ಸುಲಭವಿರಲಿಲ್ಲ. ಐದು ತಾಸಿನ ಇಸ್ತ್ರಿ ಅವನ ಎಂಟು ತಾಸಿನ ಮೇಲೆ ಬಂದು ಕೂತಿತು. ಮೊದಲ ದಿನವೇ ಒಂದು ಕಾಲರನ್ನು ಸುಟ್ಟ. ಅವಳು ಕೂತಲ್ಲಿಂದಲೇ, "ಒತ್ತಿ ಎತ್ತಬೇಕು ಕಣ್ರೀ, ಎಳೀಬಾರದು" ಎಂದು ಹೇಳಿಕೊಡುತ್ತಿದ್ದಳು. ಆ ಪೆಟ್ಟಿಗೆ ಎಷ್ಟು ತೂಕವಿದೆ ಅನ್ನುವುದು ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಅವನಿಗೆ ಗೊತ್ತಾಯಿತು. ರಾತ್ರಿ ಊಟಕ್ಕೆ ಕೂತಾಗ ಅನ್ನ ಕಲಸಲೂ ಕೈ ಬರುತ್ತಿರಲಿಲ್ಲ. ಹೊಸ ಕೋಟುಗಳನ್ನು ಅರ್ಧಕ್ಕರ್ಧ ವಾಪಸು ಕಳಿಸಿದ. ಕಡುನೀಲಿ ಉಣ್ಣೆ ಕಾಗದದ ಸುತ್ತಿನಲ್ಲೇ ಉಳಿಯಿತು.

ಎಂಟನೆಯ ದಿನ, ಒಂದು ಕಂದು ಕೋಟಿನ ತೋಳಿಗೆ ಪೆಟ್ಟಿಗೆ ಒತ್ತುತ್ತಿದ್ದಾಗ, ಬಲ ಹೆಬ್ಬೆರಳಿನ ತುದಿ ಜುಮ್ಮೆಂದಿತು. ಉದ್ದಣ್ಣ ನಿಂತ. ಇಲ್ಲ, ಬಿಸಿಗಿರಬೇಕು ಅಂದುಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಜುಮ್ಮೆಂದಿತು, ಈ ಸಲ ತೋರುಬೆರಳಿಗೂ ಹಬ್ಬಿತು. ಅವನು ಹೆಂಡತಿಯ ಕಡೆಗೆ ಬೆನ್ನು ತಿರುಗಿಸಿಕೊಂಡು, ಪೆಟ್ಟಿಗೆಯನ್ನು ಎಡಗೈಗೆ ಬದಲಾಯಿಸಿದ. ಮರುದಿನವೂ ಹಾಗೇ ಮಾಡಿದ. ಅವಳಿಗೆ ಗೊತ್ತಾಗುವುದು ಬೇಡ, ಗೊತ್ತಾದರೆ ನಾಳೆಯೇ ಆ ಹೆಗಲಿನಲ್ಲಿ ಪೆಟ್ಟಿಗೆ ಹಿಡಿದು ನಿಲ್ಲುತ್ತಾಳೆ ಅನ್ನುವುದು ಅವನ ಲೆಕ್ಕ.

ಮೂರನೆಯ ದಿನ ಮಧ್ಯಾಹ್ನ ಮಿಶನ್ನಿನ ಸದ್ದು ನಿಂತಿತು. "ಯಾಕ್ರೀ ಎಡಗೈಲಿ ಹಿಡ್ಕೊಂಡಿದ್ದೀರಿ?"

"ಏನಿಲ್ಲ" ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅನ್ನುವುದು ಎಷ್ಟು ಸುಲಭ ಅನ್ನಿಸಿ ಅವನಿಗೆ ಭಯವಾಯಿತು. ಪೆಟ್ಟಿಗೆಯನ್ನು ಮೇಜಿನ ಮೇಲೆ ಕೂರಿಸಿದ.

"ಹೆಬ್ಬೆರಳು ಜುಮ್ ಅಂತಿದೆ ಕಣೇ. ಮೊನ್ನೆಯಿಂದ."

ಹೆಂಡತಿ ಎದ್ದು ಬಂದು, ಎಡಗೈಯಿಂದ ಗೋಡೆಯ ಪ್ಲಗ್ಗನ್ನು ಕಿತ್ತಳು. ಅವನ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡು, ಬೆರಳನ್ನು ಒಂದೊಂದಾಗಿ ಒತ್ತಿ ನೋಡಿದಳು. "ಇದು ಗೊತ್ತಾಗುತ್ತಾ? ಇದು?"

"ಅದು ಗೊತ್ತಾಗ್ತಿಲ್ಲ" ಎಂದ ಉದ್ದಣ್ಣ. "ನಂಗೆ ಹೆದರಿಕೆ ಆಗ್ತಿದೆ."

"ನಂಗೂ ಆಗಿತ್ತು" ಎಂದಳು ಅವಳು. "ಎಂಟು ತಿಂಗಳು."

ಇಬ್ಬರೂ ಮಿಶನ್ನಿನ ಸ್ಟೂಲುಗಳ ಮೇಲೆ ಎದುರುಬದುರು ಕೂತರು. ಪೆಟ್ಟಿಗೆ ಆರಿತು. ಸಂಜೆ ಐದಕ್ಕೆ ಕಂದು ಕೋಟಿನವನು ಬಂದು ಬಾಗಿಲಲ್ಲಿ ನಿಂತು, ಆಯಿತೇ ಎಂದು ಕೇಳಿದ.

"ಆಗಿಲ್ಲ ಸ್ವಾಮೀ" ಎಂದ ಉದ್ದಣ್ಣ. "ನಮ್ಮಿಬ್ಬರಿಗೂ ಮೈಯಲ್ಲಿ ಆಗ್ತಿಲ್ಲ. ಯಾವಾಗ ಆಗುತ್ತೋ ಗೊತ್ತಿಲ್ಲ." ಆ ಅಂಗಡಿಯಲ್ಲಿ ಅಂಥ ಮಾತನ್ನು ಯಾರೂ ಯಾವತ್ತೂ ಆಡಿರಲಿಲ್ಲ. ಕೋಟಿನವನು ಕೋಟು ಕೇಳುವುದನ್ನು ಬಿಟ್ಟು, ಬಾಗಿಲ ಹೊರಗೆ ಚಪ್ಪಲಿ ಕಳಚಿಟ್ಟು, ಒಳಗೆ ಬಂದು ಅವರ ಎದುರಿಗೆ ಕೂತ.